ದೇವಿ ಹಾಕಲು ಕಲಿಸಿದ ಎಡ್ವರ್ಡ್ ಜೆನ್ನರ್

ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಅವರ ರಟ್ಟೆಯನ್ನೊಮ್ಮೆ ನೋಡಿರಿ. ನಾಲ್ಕಾಣೆಯ ನಾಣ್ಯದಷ್ಟು ಅಗಲದ, ಒಳಕ್ಕೆ ಕುಸಿದಂತಿರುವ ಒಂದೆರಡು ಗುಂಡನೆಯ ಕಲೆಗಳು ಅಲ್ಲಿ ಕಾಣುತ್ತವೆ. ಕೇಳಿದರೆ, ಸಣ್ಣವರಿದ್ದಾಗ ದೇವಿ ಹಾಕಿಸಿಕೊಂಡ ಗುರುತು ಎನ್ನುತ್ತಾರೆ. ನಮ್ಮ ಈ ಗಡಿ ಸೀಮೆಯಲ್ಲಿ ಸಿಡುಬಿಗೆ ಕನ್ನಡದವರೂ ಮರಾಠಿಯವರೂ ದೇವಿ ಎಂದೇ ಅನ್ನುತ್ತಿದ್ದರು. ಬೇನೆಗೂ ಅದೇ ಹೆಸರು, ಬೇನೆ ಬಾರದಂತೆ ಚುಚ್ಚುವ ಮದ್ದಿಗೂ ಅದೇ ಹೆಸರು. ಇಂದಿನ ವಿದ್ಯಾರ್ಥಿಗಳ ತೋಳಿನ ಮೇಲೆ ಈ ಗುರುತಿಲ್ಲ. ಅಲ್ಲಿರುವ ಚಿಕ್ಕ ಕಲೆ ಕ್ಷಯಕ್ಕಾಗಿ ಹಾಕುವ ಬಿ.ಸಿ.ಜಿ. ಲಸಿಕೆಯದು. ದೇವಿ ಹಾಕಿಸುವ ಅಗತ್ಯವೇ ಇಲ್ಲವಾಯಿತು, ಏಕೆಂದರೆ ಆ ಬೇನೆಯೇ ಭೂಮಿಯ ಮೇಲಿನಿಂದ ಹೊರಟುಹೋಯಿತು.

ಅದಕ್ಕೆ ದಾರಿ ತೋರಿದವನು ಇಂಗ್ಲೆಂಡಿನ ಒಬ್ಬ ಹಳ್ಳಿಯ ವೈದ್ಯ. ಆತನ ಜೀವನವನ್ನು ಇಲ್ಲಿ ಹೇಳಹೊರಟಿದ್ದೇವೆ. ಮೈ ಒಮ್ಮೆ ಕಂಡ ಬೇನೆಯನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ಆತ ಕಣ್ಣಾರೆ ಕಂಡ. ಆದರೆ ಆ ನೆನಪು ಮೈಯೊಳಗೆ ಎಲ್ಲಿರುತ್ತದೆ, ಅದನ್ನು ಯಾರು ಕಾಯುತ್ತಾರೆ ಎಂಬುದು ಆತನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅದು ತಿಳಿಯತೊಡಗಿದ್ದು ಆತ ತೀರಿಕೊಂಡು ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ. ಆದ್ದರಿಂದ ಆತನ ಕತೆಯ ನಡುವೆ ಆ ಸಂಗತಿಯನ್ನೂ ಸ್ವಲ್ಪ ಹೇಳಲೇಬೇಕಾಗಿದೆ.

ಎಡ್ವರ್ಡ್ ಜೆನ್ನರ್ ಹುಟ್ಟಿದ್ದು 1749ನೆಯ ಇಸವಿ ಮೇ 17ರಂದು, ಗ್ಲಾಸ್ಟರ್‌ಷೈರ್ ಪ್ರಾಂತದ ಬರ್ಕ್ಲಿ ಎಂಬ ಊರಿನಲ್ಲಿ. ಹುಲ್ಲುಗಾವಲು, ಆಕಳು, ಹಾಲು, ಗಿಣ್ಣಗಳಿಗೆ ಹೆಸರಾದ ನಾಡು ಅದು. ತಂದೆ ಸ್ಟೀಫನ್ ಜೆನ್ನರ್ ಊರಿನ ಚರ್ಚಿನ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಎಡ್ವರ್ಡ್ ಎಂಟನೆಯವನು. 1754ರಲ್ಲಿ, ಅವನಿಗೆ ಐದು ವರ್ಷವಾಗಿದ್ದಾಗ, ತಾಯಿಯೂ ತಂದೆಯೂ ಕೆಲವೇ ವಾರಗಳ ಅಂತರದಲ್ಲಿ ತೀರಿಹೋದರು. ಅಣ್ಣ ಅಕ್ಕಂದಿರು ಅವನನ್ನು ಸಾಕಿದರು.

ಎಂಟನೆಯ ವರ್ಷದಲ್ಲಿ ಅವನಿಗೊಂದು ಸಂಕಟ ಬಂತು. ಅದನ್ನು ಹೇಳುವ ಮೊದಲು ಆ ಕಾಲದ ಸಿಡುಬಿನ ಮಾತು ಹೇಳಬೇಕು. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ವರ್ಷಕ್ಕೆ ನಾಲ್ಕು ಲಕ್ಷದಷ್ಟು ಜನ ಸಿಡುಬಿನಿಂದ ಸಾಯುತ್ತಿದ್ದರೆಂದು ಅಂದಾಜು. ಬದುಕಿದವರ ಮುಖದ ತುಂಬ ಕಲೆ. ಎಷ್ಟೋ ಜನರಿಗೆ ಕಣ್ಣೇ ಹೋಗುತ್ತಿತ್ತು. ಆದರೆ ಒಮ್ಮೆ ಬಂದು ಹೋದವರಿಗೆ ಅದು ಮತ್ತೆ ಬರುವುದಿಲ್ಲವೆಂಬುದು ಎಲ್ಲ ದೇಶಗಳ ಜನರಿಗೂ ಗೊತ್ತಿತ್ತು. ಆದ್ದರಿಂದ ಸೌಮ್ಯವಾಗಿ ಬಂದ ರೋಗಿಯ ಗುಳ್ಳೆಯ ಕೀವನ್ನು ತೆಗೆದು, ಚೆನ್ನಾಗಿರುವವರ ಚರ್ಮದಲ್ಲಿ ಚುಚ್ಚಿ, ಬೇಕೆಂದೇ ಸಣ್ಣ ಪ್ರಮಾಣದ ಸಿಡುಬನ್ನು ಬರಿಸುವ ಪದ್ಧತಿ ಹುಟ್ಟಿತು. ನಮ್ಮ ದೇಶದ ಬಂಗಾಲದಲ್ಲಿ ಈ ಕೆಲಸವನ್ನೇ ಕಸುಬಾಗಿ ಮಾಡುವ ಟೀಕಾದಾರರು ಜೆನ್ನರ್ ಹುಟ್ಟುವ ಮೊದಲೇ ಇದ್ದರು. ತುರ್ಕಸ್ಥಾನದಲ್ಲಿ ಇದನ್ನು ಕಂಡ ಲೇಡಿ ಮೇರಿ ಮಾಂಟೆಗ್ಯು ಎಂಬ ಧೀರ ಹೆಂಗಸು 1721ರಲ್ಲಿ ಲಂಡನ್ನಿನಲ್ಲಿ ತನ್ನ ಮಗಳಿಗೆ ಮಾಡಿಸಿ ಇಂಗ್ಲೆಂಡಿಗೆ ಪರಿಚಯಿಸಿದಳು. ಇದರಲ್ಲಿ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ತಾನಾಗಿ ಬಂದ ಸಿಡುಬಿನಲ್ಲಿ ಸಾಯುವವರೋ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿ. ಅದಕ್ಕಿಂತ ಇದು ವಾಸಿಯೆಂದು ಜನ ಒಪ್ಪಿದರು. ಇನ್ನೊಂದು ಅಪಾಯವೂ ಇತ್ತು. ಚುಚ್ಚಿಸಿಕೊಂಡವನಿಂದ ನೆರೆಯವನಿಗೆ ನಿಜವಾದ ಸಿಡುಬೇ ಅಂಟಬಹುದಾಗಿತ್ತು.

ಬಾಲಕ ಜೆನ್ನರನಿಗೂ ಇದನ್ನು ಮಾಡಿಸಿದರು. ಆಗಿನ ವೈದ್ಯರ ನಂಬಿಕೆಯಂತೆ ಮೊದಲು ವಾರಗಟ್ಟಲೆ ಅವನನ್ನು ಅರೆಹೊಟ್ಟೆಯಲ್ಲಿಟ್ಟರು, ರಕ್ತ ತೆಗೆದರು, ಭೇದಿ ಮಾಡಿಸಿದರು. ಎಲುಬು ಚರ್ಮವಾದ ಮೇಲೆ ಕೀವು ಚುಚ್ಚಿ, ಸಿಡುಬೆದ್ದ ಬೇರೆ ಹುಡುಗರೊಡನೆ ಒಂದು ಲಾಯದಲ್ಲಿ ಕೂಡಿಹಾಕಿದರು. ಅವನು ಬದುಕಿ ಹೊರಬಂದ. ಆದರೆ ಬಹುಕಾಲ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದನಂತೆ. ಆ ಲಾಯವನ್ನು ಆತ ಮುದುಕನಾದ ಮೇಲೂ ಮರೆಯಲಿಲ್ಲ.

ಹದಿಮೂರು ಹದಿನಾಲ್ಕರ ವಯಸ್ಸಿಗೆ ಚಿಪ್ಪಿಂಗ್ ಸಾಡ್‌ಬರಿಯ ಒಬ್ಬ ಶಸ್ತ್ರವೈದ್ಯನ ಬಳಿ ಕೆಲಸ ಕಲಿಯಲು ಸೇರಿದ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 1770ರಲ್ಲಿ, ಲಂಡನ್ನಿಗೆ ಹೋಗಿ ಜಾನ್ ಹಂಟರ್ ಎಂಬ ಮಹಾ ಶಸ್ತ್ರವೈದ್ಯನ ಶಿಷ್ಯನಾದ. ಇದು ಆತನ ಪುಣ್ಯವೆನ್ನಬೇಕು. ಹಂಟರನು ಶಿಷ್ಯರಿಗೆ ಹಾಕಿಕೊಟ್ಟ ಪಾಠ ಒಂದೇ: ಕುಳಿತು ಊಹೆ ಮಾಡಬೇಡ, ಪ್ರಯೋಗ ಮಾಡಿ ನೋಡು, ತಾಳ್ಮೆಯಿಂದಿರು, ಅಳತೆ ತಪ್ಪಬೇಡ. ಶಿಷ್ಯ ಹಳ್ಳಿಗೆ ಮರಳಿದ ಮೇಲೂ ಗುರು ಕಾಗದ ಬರೆದು, ಚಳಿಗಾಲದಲ್ಲಿ ಮುದುರಿ ಮಲಗುವ ಹೆಜ್‌ಹಾಗ್ ಎಂಬ ಮುಳ್ಳುಮೈಯ ಸಣ್ಣ ಪ್ರಾಣಿಯ ಮೈಯ ಶಾಖ ಎಷ್ಟಿದೆ ಅಳೆದು ತಿಳಿಸೆಂದು ಕೇಳುತ್ತಿದ್ದ. ಕ್ಯಾಪ್ಟನ್ ಕುಕ್ ತನ್ನ ಮೊದಲ ಪ್ರವಾಸದಿಂದ ಮರಳಿದಾಗ ತಂದಿದ್ದ ಸಸ್ಯ ಪ್ರಾಣಿಗಳ ಸಂಗ್ರಹವನ್ನು ಅಣಿಗೊಳಿಸುವ ಕೆಲಸ ಜೆನ್ನರನಿಗೆ ಸಿಕ್ಕಿತು. ಎರಡನೆಯ ಪ್ರವಾಸಕ್ಕೆ ಬರುವೆಯಾ ಎಂಬ ಕರೆಯೂ ಬಂತು. ಆತ ಒಲ್ಲೆನೆಂದು ತನ್ನ ಬರ್ಕ್ಲಿಗೇ ಹಿಂತಿರುಗಿದ. ಲೋಕ ಸುತ್ತಬಹುದಾದವನು ದನ ಮೇಯುವ ಊರಿಗೆ ಮರಳಿದ್ದನ್ನು ಕಂಡು ಯಾರಾದರೂ ಹುಚ್ಚನೆಂದಿರಬಹುದು.

ಅಲ್ಲಿ ಆತನು ಕುದುರೆಯೇರಿ ಹಳ್ಳಿಹಳ್ಳಿ ತಿರುಗಿ ಮದ್ದು ಕೊಟ್ಟ, ಪಿಟೀಲು ಮತ್ತು ಕೊಳಲು ನುಡಿಸಿದ, ಪದ್ಯ ಬರೆದ. 1784ರಲ್ಲಿ ಜಲಜನಕ ತುಂಬಿದ ಬಲೂನನ್ನು ಹಾರಿಬಿಟ್ಟು ಊರವರನ್ನು ಬೆರಗುಗೊಳಿಸಿದ. 1788ರಲ್ಲಿ ಕ್ಯಾಥರೀನ್ ಕಿಂಗ್ಸ್‌ಕೋಟ್ ಎಂಬಾಕೆಯನ್ನು ಮದುವೆಯಾದ. ಆದರೆ ಈ ಕಾಲದಲ್ಲಿ ಆತನಿಗೆ ಹೆಸರು ತಂದದ್ದು ಒಂದು ಹಕ್ಕಿ.

ನಮ್ಮ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದನ್ನು ನೀವು ಬಲ್ಲಿರಿ. ಯುರೋಪಿನ ಕುಕ್ಕೂ ಹಕ್ಕಿಯೂ ಹಾಗೆಯೇ ಬೇರೆ ಸಣ್ಣ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅನಂತರ ಆ ಗೂಡಿನಲ್ಲಿದ್ದ ಮರಿಗಳು ಮಾಯವಾಗುತ್ತವೆ. ತಾಯಿ ಕುಕ್ಕೂವೇ ಬಂದು ಅವನ್ನು ಎಸೆಯುತ್ತದೆಂದು ಜನ ತಿಳಿದಿದ್ದರು. ಜೆನ್ನರ್ ಬೇಲಿಯ ಮರೆಯಲ್ಲಿ ಕುಳಿತು ಕಾದ. 1787ರ ಜೂನಿನಲ್ಲಿ ಆತ ಕಂಡದ್ದೇ ಬೇರೆ. ಮೊಟ್ಟೆಯೊಡೆದು ಒಂದು ದಿನವೂ ಆಗದ, ಕಣ್ಣು ಬಿಡದ ಕುಕ್ಕೂ ಮರಿಯೇ ಹಿಂದುಹಿಂದಕ್ಕೆ ಸರಿದು, ಒಡೆಯನ ಮರಿಯನ್ನು ಬೆನ್ನ ಮೇಲಿನ ಒಂದು ಗುಂಡಿಯಲ್ಲಿ ಕೂಡಿಸಿಕೊಂಡು, ಗೂಡಿನ ಅಂಚಿಗೆ ಹತ್ತಿ ಹೊರಕ್ಕೆ ದಬ್ಬಿತು. ಹನ್ನೆರಡು ದಿನಗಳೊಳಗೆ ಆ ಬೆನ್ನಿನ ಗುಂಡಿ ತುಂಬಿಹೋಗುತ್ತದೆ ಎಂಬುದನ್ನೂ ಆತ ಗುರುತಿಸಿದ. ಈ ಲೇಖನಕ್ಕಾಗಿ ರಾಯಲ್ ಸೊಸೈಟಿ ಆತನನ್ನು 1789ರಲ್ಲಿ ತನ್ನ ಸದಸ್ಯನನ್ನಾಗಿ ಆರಿಸಿತು. ಆದರೂ ಎಷ್ಟೋ ಪಂಡಿತರು ನಂಬಲಿಲ್ಲ. 1921ರಲ್ಲಿ ಛಾಯಾಚಿತ್ರ ತೆಗೆದ ಮೇಲೆಯೇ ಎಲ್ಲರ ಬಾಯಿ ಮುಚ್ಚಿತು. ನಮಗಂತೂ ಜೆನ್ನರನ ಗುಣವೆಲ್ಲ ಈ ಒಂದು ಸಂಗತಿಯಲ್ಲೇ ಕಾಣುತ್ತದೆ. ಎಲ್ಲರೂ ನೋಡುವ ಬೇಲಿಯನ್ನೇ ಆತನೂ ನೋಡಿದ, ಆದರೆ ಎದ್ದು ಹೋಗಲಿಲ್ಲ.

ಇನ್ನು ಸಿಡುಬಿನ ವಿಷಯಕ್ಕೆ ಬರೋಣ. ಆ ಸೀಮೆಯ ಆಕಳುಗಳಿಗೆ ಆಗಾಗ ಕೆಚ್ಚಲಿನ ಮೇಲೆ ಗುಳ್ಳೆಯೇಳುವ ಒಂದು ಬೇನೆ ಬರುತ್ತಿತ್ತು, ಅದು ಗೋಸಿಡುಬು. ಹಾಲು ಹಿಂಡುವ ಹುಡುಗಿಯರ ಕೈಗೆ ಅದು ಅಂಟಿ, ನಾಲ್ಕು ಗುಳ್ಳೆಯೆದ್ದು, ಎರಡು ದಿನ ಜ್ವರ ಬಂದು ಹೋಗುತ್ತಿತ್ತು. ಗೋಸಿಡುಬು ಬಂದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಎಂಬುದು ಹೈನದವರ ನಡುವೆ ಬಳಕೆಯಲ್ಲಿದ್ದ ಮಾತು. ಬಾಲಕ ಜೆನ್ನರ್ ಇದನ್ನು ಹಾಲು ಹಿಂಡುವ ಹುಡುಗಿಯೊಬ್ಬಳ ಬಾಯಿಂದಲೇ ಕೇಳಿದನೆಂಬ ಸುಂದರ ಕತೆಯೊಂದು ಆತನ ಜೀವನಚರಿತ್ರೆ ಬರೆದ ಗೆಳೆಯ ಜಾನ್ ಬ್ಯಾರನ್ನನಿಂದ ಹಬ್ಬಿದೆ. ಇಂದಿನ ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ನೆರೆಯ ಥಾರ್ನ್‌ಬರಿಯ ವೈದ್ಯ ಜಾನ್ ಫ್ಯೂಸ್ಟರನು, ಗೋಸಿಡುಬು ಬಂದಿದ್ದ ರೈತರಿಗೆ ಸಿಡುಬಿನ ಕೀವು ಚುಚ್ಚಿದರೂ ಏನೂ ಆಗದ್ದನ್ನು 1768ರ ಹೊತ್ತಿಗೇ ಕಂಡಿದ್ದ. ಡಾರ್ಸೆಟ್ ಪ್ರಾಂತದ ಬೆಂಜಮಿನ್ ಜೆಸ್ಟಿ ಎಂಬ ರೈತನಂತೂ 1774ರಲ್ಲಿ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಆಕಳಿನ ಗುಳ್ಳೆಯ ರಸವನ್ನೇ ಚುಚ್ಚಿದ್ದ. ಆದ್ದರಿಂದ ಜೆನ್ನರನೇ ಮೊದಲಿಗನೆಂದು ನಮ್ಮ ಪಾಠಪುಸ್ತಕಗಳು ಹೇಳುವುದು ಪೂರ್ತಿ ಸರಿಯಲ್ಲ. ಹಳ್ಳಿಯವರ ಮಾತನ್ನು ಪರೀಕ್ಷೆಗೊಡ್ಡಿ, ಲೆಕ್ಕವಿಟ್ಟು, ಬರೆದು ಲೋಕಕ್ಕೆ ಒಪ್ಪಿಸಿದವರಲ್ಲಿ ಆತ ಮೊದಲಿಗ.

ಆ ಪರೀಕ್ಷೆ ನಡೆದದ್ದು 1796ರ ಮೇ 14ರಂದು. ಬ್ಲಾಸಮ್ ಎಂಬ ಹೆಸರಿನ ಆಕಳಿನಿಂದ ಸಾರಾ ನೆಲ್ಮ್ಸ್ ಎಂಬ ಹುಡುಗಿಯ ಕೈಗೆ ಗೋಸಿಡುಬು ಅಂಟಿತ್ತು. ಆ ಗುಳ್ಳೆಯ ರಸವನ್ನು ತೆಗೆದು ಜೆನ್ನರ್ ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿನಲ್ಲಿ ಎರಡು ಸಣ್ಣ ಗೀರು ಹಾಕಿ ಸೇರಿಸಿದ. ಹುಡುಗ ತೋಟದ ಕೆಲಸ ಮಾಡುವ ಬಡವನೊಬ್ಬನ ಮಗ. ಏಳನೆಯ ದಿನ ಕಂಕುಳಲ್ಲಿ ನೋವೆಂದ. ಒಂಬತ್ತನೆಯ ದಿನ ಚಳಿ, ತಲೆನೋವು, ಊಟ ಸೇರದು. ಮರುದಿನ ಎದ್ದು ಆಡತೊಡಗಿದ. ಇಷ್ಟಕ್ಕೆ ನಿಂತಿದ್ದರೆ ಏನೂ ಸಿದ್ಧವಾದಂತಾಗುತ್ತಿರಲಿಲ್ಲ. ಜುಲೈ 1ರಂದು ಜೆನ್ನರ್ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನು ಚುಚ್ಚಿದ.

ಇಲ್ಲಿ ನಾವು ಸ್ವಲ್ಪ ತಡೆದು ಯೋಚಿಸಬೇಕು. ಎಂಟು ವರ್ಷದ, ಹೇಳಕೇಳುವವರಿಲ್ಲದ ಮನೆಯ ಮಗುವಿನ ಮೇಲೆ ಇಂಥ ಪ್ರಯೋಗವನ್ನು ಇಂದು ಯಾವ ದೇಶವೂ ಒಪ್ಪದು, ಒಪ್ಪಲೂಬಾರದು. ಸಿಡುಬಿನ ಕೀವು ಚುಚ್ಚುವುದು ಆ ಕಾಲದಲ್ಲಿ ದಿನನಿತ್ಯದ ವೈದ್ಯವಾಗಿತ್ತು ಎಂಬುದೂ, ಜೆನ್ನರ್ 1789ರಲ್ಲಿಯೇ ತನ್ನ ಸ್ವಂತ ಹಿರಿಯ ಮಗನಿಗೆ, ಇನ್ನೂ ವರ್ಷ ತುಂಬದ ಕೂಸಿಗೆ, ಹಂದಿಯ ಸಿಡುಬೆಂದು ಕರೆಯುತ್ತಿದ್ದ ಬೇನೆಯ ರಸ ಚುಚ್ಚಿ, ಆಮೇಲೆ ಸಿಡುಬಿನ ಕೀವಿನಿಂದಲೂ ಪರೀಕ್ಷಿಸಿದ್ದ ಎಂಬುದೂ ನಿಜ. ಆದರೂ ಆ ಜುಲೈ ತಿಂಗಳ ರಾತ್ರಿಗಳಲ್ಲಿ ಫಿಪ್ಸನ ತಾಯಿಗೆ ನಿದ್ದೆ ಬಂದಿತೇ ಎಂದು ನಮ್ಮ ಮನಸ್ಸು ಕೇಳುತ್ತದೆ.

ಹುಡುಗನಿಗೆ ಏನೂ ಆಗಲಿಲ್ಲ. ಕೆಲವು ತಿಂಗಳ ನಂತರ ಮತ್ತೆ ಚುಚ್ಚಿದಾಗಲೂ ಏನೂ ಆಗಲಿಲ್ಲ.

ಏಕೆ ಆಗಲಿಲ್ಲ? ಜೆನ್ನರನಿಗೆ ಉತ್ತರ ಗೊತ್ತಿರಲಿಲ್ಲ. ಇಂದು ನಮಗೆ ಅದರಲ್ಲಿ ಬಹುಪಾಲು ಗೊತ್ತಿದೆ. ಗೋಸಿಡುಬಿನ ವೈರಸ್ಸೂ ಮನುಷ್ಯರ ಸಿಡುಬಿನ ವೈರಸ್ಸೂ ದಾಯಾದಿಗಳು. ಎರಡರ ಮೈಯ ಭಾಗಗಳಲ್ಲಿ ಹೋಲಿಕೆ ಬಹಳ. ಒಂದನ್ನು ಗುರುತಿಸಲು ಕಲಿತ ದೇಹ ಇನ್ನೊಂದನ್ನೂ ಗುರುತಿಸುತ್ತದೆ. ಗುರುತಿಸುವವು ನಮ್ಮ ಬಿಳಿ ರಕ್ತಕಣಗಳು. ಇವುಗಳಲ್ಲಿ ಬಿ ಕಣಗಳೆಂಬವು ವೈರಸ್ಸನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪಳಗಿದವು ಟಿ ಕಣಗಳು. ಇವುಗಳಲ್ಲಿ ಕೆಲವು, ವೈರಸ್ಸು ಹೊಕ್ಕ ನಮ್ಮದೇ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಬೀಗಕ್ಕೊಂದು ಕೀಲಿಕೈ ಇರುವಂತೆ ಒಂದೊಂದು ಟಿ ಕಣವೂ ಒಂದೊಂದು ಗುರುತನ್ನು ಮಾತ್ರ ಬಲ್ಲದು. ತನ್ನ ಗುರುತು ಕಂಡ ಕೂಡಲೇ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದು ವಾರದೊಳಗೆ ಸಾವಿರಾರು ಪಟ್ಟು ಬೆಳೆಯುತ್ತದೆ. ಫಿಪ್ಸ್ ಏಳನೆಯ ದಿನ ಕಂಕುಳಲ್ಲಿ ನೋವೆಂದನಲ್ಲವೇ? ತೋಳಿನ ಸೋಂಕಿನ ಸುದ್ದಿ ಮುಟ್ಟುವುದು ಕಂಕುಳ ಗ್ರಂಥಿಗಳಿಗೆ. ಈ ಕಣಗಳ ಹಿಂಡು ಬೆಳೆಯುವ ಜಾಗ ಅದೇ.

ಕಾಳಗ ಮುಗಿದ ಮೇಲೆ ಈ ದಂಡಿನ ಗತಿಯೇನು? ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಣಗಳು ಕೆಲವು ವಾರಗಳಲ್ಲಿ ಸತ್ತುಹೋಗುತ್ತವೆ. ಉಳಿದ ಕೆಲವೇ ಕಣಗಳು ವರ್ಷಾನುಗಟ್ಟಲೆ ಬದುಕಿ, ಅದೇ ವೈರಿ ಮತ್ತೆ ಬಂದರೆ ಏಳುತ್ತವೆ. ಇವೇ ನೆನಪಿನ ಕಣಗಳು. ಒಂದೇ ತಾಯಿಕಣದ ಮಕ್ಕಳಲ್ಲಿ ಒಂದು ಹೋರಾಡಿ ಸಾಯುವುದೂ ಇನ್ನೊಂದು ಉಳಿದು ನೆನಪಿಡುವುದೂ ಹೇಗೆ ನಿರ್ಧಾರವಾಗುತ್ತದೆ? ವಿಜ್ಞಾನಿಗಳನ್ನು ಬಹಳ ಕಾಡಿದ ಪ್ರಶ್ನೆಯಿದು.

ನಮ್ಮ ಹಳ್ಳಿಯ ತಲಾಟಿಯ ದಫ್ತರವನ್ನು ನೆನೆಯಿರಿ. ಇಡೀ ಊರಿನ ಹೊಲಗಳ ಲೆಕ್ಕವೂ ಅಲ್ಲಿದೆ. ಆದರೆ ಯಾವ ಹೊಲದ ಉತಾರ ಬೇಕೆಂದು ಅರ್ಜಿ ಬರುತ್ತದೋ ಅದರ ನಕಲು ಮಾತ್ರ ಹೊರಬರುತ್ತದೆ. ನಮ್ಮ ಬಹುತೇಕ ಎಲ್ಲ ಜೀವಕಣಗಳಲ್ಲಿಯೂ ಡಿ.ಎನ್.ಎ. ಎಂಬ ಇಂಥ ದಫ್ತರವಿದೆ. ಪ್ರೋಟೀನು ಕಟ್ಟುವ ವಿವರವಿರುವ ಪುಟಗಳೇ, ಅಂದರೆ ಜೀನುಗಳೇ, ಇಪ್ಪತ್ತು ಸಾವಿರದಷ್ಟು. ಎಲ್ಲ ಕಣಗಳಲ್ಲಿಯೂ ದಫ್ತರ ಒಂದೇ. ಯಾವ ಪುಟದ ನಕಲು ತೆಗೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ತೀರ್ಮಾನಿಸುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳೆಂದು ಹೆಸರು. ಕನ್ನಡದಲ್ಲಿ ನಕಲುನಿಯಾಮಕಗಳು ಎನ್ನೋಣ. ಅವು ಡಿ.ಎನ್.ಎ.ಯ ನಿಶ್ಚಿತ ಜಾಗಕ್ಕೆ ಹೋಗಿ ಅಂಟಿಕೊಂಡು ಹತ್ತಿರದ ಪುಟವನ್ನು ತೆರೆಯಿಸುತ್ತವೆ ಅಥವಾ ಮುಚ್ಚಿಸುತ್ತವೆ.

ಟಿ ಕಣದೊಳಗೆ ಇಂಥ ನಿಯಾಮಕಗಳ ಎರಡು ಪಕ್ಷಗಳಿವೆಯೆಂದು ತಿಳಿಯಿರಿ. ಟಿ-ಬೆಟ್ ಎಂಬುದೂ ಬ್ಲಿಂಪ್-1 ಎಂಬುದೂ ಒಂದು ಪಕ್ಷ. (ಹೆಸರುಗಳು ವಿಚಿತ್ರ, ಇಟ್ಟವರು ವಿಜ್ಞಾನಿಗಳು, ನಾವಲ್ಲ.) ವೈರಸ್ಸಿನ ಹಾವಳಿ ಜೋರಾಗಿ, ಉರಿಯೂತದ ಸಂಕೇತಗಳು ಹೆಚ್ಚಾಗಿ ಬಂದಷ್ಟೂ ಇವು ಕಣದಲ್ಲಿ ಹೆಚ್ಚುತ್ತವೆ, ಕೊಲ್ಲುವ ಆಯುಧಗಳ ಪುಟಗಳನ್ನು ತೆರೆಯಿಸುತ್ತವೆ. ಇವು ಮಿತಿಮೀರಿದ ಕಣ ಶೂರ ಯೋಧನಾಗುತ್ತದೆ, ಆದರೆ ಅದರ ಆಯುಸ್ಸು ಕಡಿಮೆ. ಟಿಸಿಎಫ್-1 ಎಂಬುದು ಎದುರು ಪಕ್ಷದ ಮುಖಂಡ. ಫಾಕ್ಸೊ-1, ಬಾಕ್-2 ಮುಂತಾದವು ಅದಕ್ಕೆ ಬೆಂಬಲ. ಟಿಸಿಎಫ್-1 ಉಳಿದುಕೊಂಡ ಕಣ ತನ್ನ ಶಕ್ತಿಯನ್ನೆಲ್ಲ ವೆಚ್ಚಮಾಡದೆ, ದೀರ್ಘಕಾಲ ಬದುಕುವ, ಮತ್ತೆ ಹೆಚ್ಚಿಕೊಳ್ಳುವ ಪುಟಗಳನ್ನು ತೆರೆದಿಡುತ್ತದೆ. ಬೀಜಕ್ಕೆಂದು ಕಟ್ಟಿಟ್ಟ ಜೋಳದ ಹಾಗೆ ಅದು. ಹಸಿವೆಂದು ಅದನ್ನೂ ತಿಂದರೆ ಮುಂದಿನ ವರ್ಷ ಬಿತ್ತುವುದೇನನ್ನು? ಇದೆಲ್ಲ ಕಪ್ಪು ಬಿಳುಪಿನಂತೆ ಬೇರೆಬೇರೆಯಾಗಿಲ್ಲ. ಒಂದೇ ಕಣದಲ್ಲಿ ಎರಡು ಪಕ್ಷವೂ ಇದ್ದು, ಯಾವುದರ ಕೈ ಮೇಲಾಗುತ್ತದೆ ಎಂಬುದರ ಮೇಲೆ ಅದರ ಹಣೆಬರಹ ನಿಲ್ಲುತ್ತದೆ. ಹೀಗೆ ನೆನಪಿನ ಕಣಗಳಲ್ಲೇ ಹಲವು ಬಗೆಗಳು: ಗ್ರಂಥಿಗಳಲ್ಲಿ ಕಾಯುವವು, ರಕ್ತದಲ್ಲಿ ತಿರುಗುವವು, ಚರ್ಮದಲ್ಲಿಯೂ ಶ್ವಾಸಕೋಶದಲ್ಲಿಯೂ ಊರು ಬಿಡದೆ ಕಾವಲಿರುವವು.

ಇದರಲ್ಲಿ ಬಹಳಷ್ಟು ಮೊದಲು ಇಲಿಗಳಲ್ಲಿ ತಿಳಿದದ್ದು. ಮನುಷ್ಯರಲ್ಲಿ ತಿಳಿಯುವುದು ಹೇಗೆ? 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಸ್ವಯಂಸೇವಕರಿಗೆ ಭಾರಜಲವನ್ನು ಕುಡಿಸಿ, ಆಗ ಹುಟ್ಟಿದ ಕಣಗಳಿಗೆ ಗುರುತು ಬೀಳುವಂತೆ ಮಾಡಿದರು. ವರ್ಷ ಕಳೆದ ಮೇಲೆ ನೋಡಿದರೆ ಉಳಿದಿದ್ದ ನೆನಪಿನ ಕಣಗಳು ಮೊದಲ ಎರಡು ವಾರಗಳಲ್ಲಿ ಹುಟ್ಟಿ ಹೆಚ್ಚಿದವುಗಳ ಸಂತತಿಯೇ. ಆಮೇಲೆ ಅವು ವರ್ಷಕ್ಕೊಮ್ಮೆಯೂ ಒಡೆಯದೆ ಸುಮ್ಮನಿದ್ದವು. ಇನ್ನೊಂದು ಸೋಜಿಗವೂ ಕಂಡಿತು. ಆ ಕಣಗಳು ಆಯುಧ ತಯಾರಿಸುವುದನ್ನು ನಿಲ್ಲಿಸಿದ್ದರೂ ಆಯುಧದ ಪುಟಗಳಿಗೆ ಬೀಗ ಹಾಕಿರಲಿಲ್ಲ. ಓದಿದ ಪುಸ್ತಕದಲ್ಲಿ ನವಿಲುಗರಿಯಿಟ್ಟು ಮಡಿಸಿಟ್ಟಂತೆ, ಬೇಕೆಂದಾಗ ಅದೇ ಪುಟ ತಟ್ಟನೆ ತೆರೆಯುತ್ತದೆ.

ಬರ್ಕ್ಲಿಗೆ ಮರಳೋಣ. 1797ರಲ್ಲಿ ಜೆನ್ನರ್ ತನ್ನ ಲೇಖನವನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದ. ಪುರಾವೆ ಸಾಲದೆಂದು ಅವರು ಅದನ್ನು ತಿರುಗಿ ಕಳಿಸಿದರು. ಕುಕ್ಕೂ ಹಕ್ಕಿಗೆ ಸದಸ್ಯತ್ವ ಕೊಟ್ಟವರು ಗೋಸಿಡುಬಿಗೆ ಜಾಗ ಕೊಡಲಿಲ್ಲ. ಮತ್ತೆ ಪ್ರಯೋಗ ಮಾಡೋಣವೆಂದರೆ ಆಕಳುಗಳಲ್ಲಿ ಬೇನೆಯೇ ಇಲ್ಲ. 1798ರ ವಸಂತದವರೆಗೆ ಕಾಯಬೇಕಾಯಿತು. ಬಳಿಕ ಇನ್ನಷ್ಟು ಮಕ್ಕಳಿಗೆ ಚುಚ್ಚಿ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸಬಹುದೆಂದು ತೋರಿಸಿ, ಇಪ್ಪತ್ತಮೂರು ಪ್ರಕರಣಗಳ ಸಣ್ಣ ಪುಸ್ತಕವನ್ನು ಅದೇ ವರ್ಷ ತಾನೇ ಅಚ್ಚುಹಾಕಿಸಿದ. ವ್ಯಾಕ್ಸೀನ್ ಎಂಬ ಮಾತು ಬಂದದ್ದು ಲ್ಯಾಟಿನ್ ಭಾಷೆಯಲ್ಲಿ ಆಕಳಿಗಿರುವ ವಕ್ಕ ಎಂಬ ಹೆಸರಿನಿಂದ. ಇಂದು ಯಾವ ಬೇನೆಯ ಲಸಿಕೆಗೂ ಅದೇ ಹೆಸರು. ಒಂದು ತಮಾಷೆಯೆಂದರೆ, ಈ ಬೇನೆಯ ಮೂಲ ಕುದುರೆಯಿರಬಹುದೆಂದು ಜೆನ್ನರ್ ಊಹಿಸಿದ್ದ. ಹಳೆಯ ಲಸಿಕೆಯೊಂದರ ವೈರಸ್ಸನ್ನು ಇತ್ತೀಚೆಗೆ ಪರೀಕ್ಷಿಸಿದಾಗ ಅದು ಕುದುರೆಯ ಸಿಡುಬಿಗೇ ಹತ್ತಿರವೆಂದು ಕಂಡುಬಂದಿದೆ.

ಪುಸ್ತಕ ಹಿಡಿದು ಲಂಡನ್ನಿಗೆ ಹೋದರೆ ಮೂರು ತಿಂಗಳು ಕಾದರೂ ತೋಳು ಕೊಡುವವರೊಬ್ಬರೂ ಸಿಗಲಿಲ್ಲ. ಆಕಳಿನ ರಸ ಮೈಗೆ ಸೇರಿದರೆ ಕೋಡು ಮೂಡುವುದೆಂದು ಜನ ಹೆದರಿದರು. ಚುಚ್ಚಿಸಿಕೊಂಡವರ ಮೈಯಿಂದ ದನಗಳು ಹೊರಬರುವಂತೆ ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ 1802ರಲ್ಲಿ ಬರೆದ ಚಿತ್ರ ಇಂದಿಗೂ ಪ್ರಸಿದ್ಧ. ಹಳೆಯ ಪದ್ಧತಿಯಿಂದ ಹಣ ಮಾಡುತ್ತಿದ್ದ ವೈದ್ಯರಿಗಂತೂ ಹೊಟ್ಟೆಯ ಮೇಲೆ ಕಾಲಿಟ್ಟಂತಾಗಿತ್ತು. ಆದರೂ ಗುಣ ಕಂಡ ಮೇಲೆ ಯಾರು ತಡೆಯುವರು? ಸ್ಪೇನಿನ ದೊರೆ 1803ರಲ್ಲಿ ಇಪ್ಪತ್ತೆರಡು ಅನಾಥ ಬಾಲಕರನ್ನು ಹಡಗಿನಲ್ಲಿ ಕಳಿಸಿ, ದಾರಿಯುದ್ದಕ್ಕೂ ಒಬ್ಬರ ತೋಳಿನಿಂದ ಇನ್ನೊಬ್ಬರಿಗೆ ದಾಟಿಸುತ್ತ ಲಸಿಕೆಯನ್ನು ಅಮೆರಿಕೆಗೆ ಮುಟ್ಟಿಸಿದ. ನೆಪೋಲಿಯನ್ ಇಂಗ್ಲೆಂಡಿನ ಶತ್ರು; ಆದರೂ ಜೆನ್ನರನ ಒಂದು ಕಾಗದಕ್ಕೆ ಸೆರೆಯಲ್ಲಿದ್ದ ಇಂಗ್ಲಿಷರನ್ನು ಬಿಟ್ಟುಕೊಟ್ಟ.

ನಮ್ಮ ದೇಶಕ್ಕೆ ಲಸಿಕೆ ವಿಯೆನ್ನಾ, ಬಾಗ್ದಾದ್, ಬಸ್ರಾಗಳ ಮೂಲಕ ಮುಂಬಯಿಗೆ ಬಂತು. 1802ರ ಜೂನ್ 14ರಂದು ಅಲ್ಲಿ ಅನ್ನಾ ಡಸ್ತಾಲ್ ಎಂಬ ಮೂರು ವರ್ಷದ ಮಗುವಿಗೆ ಮೊದಲು ಚುಚ್ಚಿದರು. ಆಕೆಯ ತೋಳಿನಿಂದಲೇ ಅದು ದೇಶಕ್ಕೆ ಹಬ್ಬಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಬಲಗಡೆಯ ರಾಣಿ ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರುತ್ತಾಳೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸಲೆಂದೇ ಆ ಚಿತ್ರ ಬರೆಸಿದ್ದೆಂದು ಸಂಶೋಧಕರೊಬ್ಬರ ಅಭಿಪ್ರಾಯ.

ಬ್ರಿಟಿಷ್ ಪಾರ್ಲಿಮೆಂಟು ಜೆನ್ನರನಿಗೆ 1802ರಲ್ಲಿ ಹತ್ತು ಸಾವಿರ ಪೌಂಡುಗಳನ್ನೂ 1807ರಲ್ಲಿ ಇಪ್ಪತ್ತು ಸಾವಿರ ಪೌಂಡುಗಳನ್ನೂ ಕೊಟ್ಟಿತು. ಆತ ಮಾತ್ರ ತನ್ನ ಮನೆಯ ತೋಟದ ಗುಡಿಸಲಿನಲ್ಲಿ ಬಡವರಿಗೆ ಬಿಟ್ಟಿಯಾಗಿ ಲಸಿಕೆ ಹಾಕುತ್ತಿದ್ದ. ಆ ಗುಡಿಸಲಿಗೆ ವ್ಯಾಕ್ಸೀನಿಯಾ ಗುಡಿ ಎಂದು ಹೆಸರಿಟ್ಟಿದ್ದ. ನಾವು ಬೇನೆಯನ್ನು ದೇವಿಯೆಂದು ಗುಡಿ ಕಟ್ಟಿದೆವು. ಆತ ಮದ್ದಿಗೇ ಗುಡಿ ಕಟ್ಟಿದ.

ಆದರೆ ಆತನದೊಂದು ಮಾತು ತಪ್ಪಾಯಿತು. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆಲ್ಲ ಸಾಕೆಂದು ಆತ ಸಾರಿದ್ದ. 1801ರಲ್ಲಿ ಆತನೇ ಕೈಯಾರೆ ಲಸಿಕೆ ಹಾಕಿದ್ದ ಶ್ರೀಮಂತ ಮನೆತನದ ಕೂಸು ರಾಬರ್ಟ್ ಗ್ರೋವ್ನರನಿಗೆ 1811ರಲ್ಲಿ ಸಿಡುಬೆದ್ದಿತು, ಅದೂ ಜೋರಾಗಿ. ವಿರೋಧಿಗಳಿಗೆ ಹಬ್ಬವಾಯಿತು. ಹುಡುಗ ಬೇಗನೆ ಚೇತರಿಸಿಕೊಂಡ. ಲಸಿಕೆ ಇಲ್ಲದಿದ್ದರೆ ಅವನು ಉಳಿಯುತ್ತಲೇ ಇರಲಿಲ್ಲವೆಂದು ಜೆನ್ನರ್ ವಾದಿಸಿದ. ಅದರಲ್ಲಿ ಹುರುಳಿತ್ತು, ಆದರೆ ತನ್ನ ಹಳೆಯ ಮಾತನ್ನು ಮಾತ್ರ ಆತ ಬಿಟ್ಟುಕೊಡಲೊಲ್ಲ. ಗುರುವಿನ ಪಾಠವನ್ನು ಆತ ಮರೆತದ್ದು ಇಲ್ಲಿಯೇ ಎಂದು ನಮಗನ್ನಿಸುತ್ತದೆ. ಪ್ರಷ್ಯಾದವರು 1834ರಲ್ಲಿ ತಮ್ಮ ಸೈನಿಕರಿಗೆಲ್ಲ ಮತ್ತೊಮ್ಮೆ ಲಸಿಕೆ ಹಾಕಿಸಲು ಕಟ್ಟಪ್ಪಣೆ ಮಾಡಿದರು. ಮುಂದೆ 2003ರಲ್ಲಿ ಅಮೆರಿಕೆಯ ವಿಜ್ಞಾನಿಗಳು ಹಿಂದೊಮ್ಮೆ ದೇವಿ ಹಾಕಿಸಿಕೊಂಡಿದ್ದವರ ರಕ್ತ ಪರೀಕ್ಷಿಸಿದಾಗ, ಎಪ್ಪತ್ತೈದು ವರ್ಷಗಳ ಬಳಿಕವೂ ಪ್ರತಿಕಾಯಗಳಿದ್ದವು. ನೆನಪಿನ ಟಿ ಕಣಗಳೂ ಇದ್ದವು. ಆದರೆ ಎಂಟರಿಂದ ಹದಿನೈದು ವರ್ಷಕ್ಕೊಮ್ಮೆ ಅವು ಅರ್ಧಕ್ಕರ್ಧ ಇಳಿಯುತ್ತ ಬಂದಿದ್ದವು. ನೆನಪು ಇತ್ತು, ಸವೆಯುತ್ತಲೂ ಇತ್ತು. ಎರಡನೆಯ ಸಲ ಚುಚ್ಚಿದಾಗ, ಬೀಜದಂತೆ ಉಳಿದ ಆ ಕೆಲವು ಕಣಗಳೇ ಮತ್ತೆ ಹಿಂಡಾಗುತ್ತವೆ. ಮಕ್ಕಳಿಗೆ ಕೆಲವು ಲಸಿಕೆಗಳನ್ನು ಎರಡು ಮೂರು ಸಲ ಏಕೆ ಹಾಕಿಸಬೇಕೆಂದು ಕೇಳುವ ತಾಯಿತಂದೆಯರು ಈ ಮಾತನ್ನು ಗಮನಿಸಬೇಕು.

ನಮ್ಮ ದೇಶ ಸಿಡುಬಿನ ಕೊನೆಯ ರೋಗಿಯನ್ನು ಕಂಡದ್ದು 1975ರ ಮೇ ತಿಂಗಳಲ್ಲಿ. ಜಗತ್ತಿನಲ್ಲಿ ತಾನಾಗಿ ಬಂದ ಸಿಡುಬಿನ ಕೊನೆಯ ರೋಗಿ 1977ರಲ್ಲಿ ಸೊಮಾಲಿಯಾ ದೇಶದ ಅಲಿ ಮಾವ್ ಮಾಲಿನ್ ಎಂಬ ತರುಣ, ಅವನೂ ಬದುಕಿಕೊಂಡ. 1980ರ ಮೇ 8ರಂದು ಲೋಕವು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸಾರಿತು.

ಜ್ವರಗಳನ್ನು ಗೆದ್ದವನ ಮನೆಯನ್ನು ಕ್ಷಯ ಬಿಡಲಿಲ್ಲ. ಸಣ್ಣ ಕೂಸಾಗಿದ್ದಾಗ ತಂದೆಯಿಂದ ಪ್ರಯೋಗಕ್ಕೊಳಗಾಗಿದ್ದ ಹಿರಿಯ ಮಗ ಎಡ್ವರ್ಡ್ 1810ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿಯೇ ಹೋದ. ಹೆಂಡತಿ ಕ್ಯಾಥರೀನಳು 1815ರಲ್ಲಿ ಅದೇ ಬೇನೆಯಿಂದ ಹೋದಳು. ಆ ಮೇಲೆ ಜೆನ್ನರ್ ಬರ್ಕ್ಲಿ ಬಿಟ್ಟು ಹೊರಗೆ ಹೋದದ್ದು ಅಪರೂಪ. ಮತ್ತೆ ಹಕ್ಕಿಗಳ ಕಡೆ ತಿರುಗಿದ. ಹಕ್ಕಿಗಳು ಚಳಿಗಾಲದಲ್ಲಿ ಬೇರೆ ಸೀಮೆಗೆ ವಲಸೆ ಹೋಗುವುದನ್ನು ಕುರಿತು ಬರೆಯುತ್ತ ಕುಳಿತ. ಜೇಮ್ಸ್ ಫಿಪ್ಸ್ ದೊಡ್ಡವನಾಗಿ ಮದುವೆಯಾಗಿ ಮಕ್ಕಳೊಂದಿಗನಾದಾಗ ಆತನಿಗೆ ಬಾಡಿಗೆಯಿಲ್ಲದೆ ಇರಲು ಬರ್ಕ್ಲಿಯಲ್ಲೊಂದು ಮನೆ ಕೊಟ್ಟ.

1823ರ ಜನವರಿ 26ರ ಬೆಳಗಿನ ಜಾವ ಪಾರ್ಶ್ವವಾಯುವಿನಿಂದ ಜೆನ್ನರ್ ತೀರಿಕೊಂಡ. ತಂದೆ ಪಾದ್ರಿಯಾಗಿದ್ದ ಊರ ಚರ್ಚಿನಲ್ಲಿಯೇ, ತಾಯಿತಂದೆಯರ ಮತ್ತು ಹೆಂಡತಿ ಮಗನ ಪಕ್ಕದಲ್ಲಿ, ಮಣ್ಣು ಮಾಡಿದರು. ಶವದ ಹಿಂದೆ ನಡೆದವರಲ್ಲಿ ಮೂವತ್ತೈದರ ಆಸುಪಾಸಿನ ಜೇಮ್ಸ್ ಫಿಪ್ಸನೂ ಇದ್ದ. ಅವನಿಗೆ ಆಮೇಲೂ ಹಲವು ಸಲ ಸಿಡುಬಿನ ಕೀವು ಚುಚ್ಚಿ ನೋಡಿದ್ದರು. ಒಂದು ಸಲವೂ ಸಿಡುಬು ಬಂದಿರಲಿಲ್ಲ.